ರಾಕ್ ತಾರೆಯರೆಲ್ಲ 27ಕ್ಕೇ ಸಾಯುತ್ತಾರಾ? ‘27 ಕ್ಲಬ್’ ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

ಕಪ್ಪು-ಬಿಳುಪಿನ ಐದಾರು ಮುಖಗಳು, ಮಧ್ಯದಲ್ಲಿ ದೊಡ್ಡದಾಗಿ 27. ಬ್ರಯಾನ್ ಜೋನ್ಸ್, ಜಿಮಿ ಹೆಂಡ್ರಿಕ್ಸ್, ಜಾನಿಸ್ ಜಾಪ್ಲಿನ್, ಜಿಮ್ ಮಾರಿಸನ್, ಕರ್ಟ್ ಕೊಬೇನ್, ಏಮಿ ವೈನ್‌ಹೌಸ್. ‘ಈ ವಯಸ್ಸಿಗೇ ಶಾಪವಿದೆ’ ಎನ್ನುವ ಪೋಸ್ಟ್ ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಕೆಲವದರಲ್ಲಿ ಲೈಟರ್ ಕಥೆಯೂ ಇರುತ್ತದೆ: ಸತ್ತಾಗ ಎಲ್ಲರ ಜೇಬಿನಲ್ಲೂ ಬಿಳಿ ಬಣ್ಣದ ಬಿಕ್ ಲೈಟರ್ ಸಿಕ್ಕಿತ್ತಂತೆ!

ಮೊದಲು ಲೈಟರ್ ವಿಚಾರ ಮುಗಿಸೋಣ, ಅದು ಸುಲಭ. ಬಿಕ್ ಕಂಪನಿಯ ಲೈಟರ್ ಮಾರುಕಟ್ಟೆಗೆ ಬಂದದ್ದೇ 1973ರಲ್ಲಿ. ಹೆಂಡ್ರಿಕ್ಸ್, ಜಾಪ್ಲಿನ್ ತೀರಿಕೊಂಡದ್ದು 1970ರಲ್ಲಿ, ಮಾರಿಸನ್ 1971ರಲ್ಲಿ. ಅಂಗಡಿಗೇ ಬಾರದ ಲೈಟರ್ ಜೇಬಿಗೆ ಬರಲು ಸಾಧ್ಯವಿಲ್ಲ.

ವಯಸ್ಸಿನ ವಿಚಾರ ಅಷ್ಟು ಸುಲಭವಲ್ಲ. ಈ ಆರೂ ಮಂದಿ 27ನೇ ವಯಸ್ಸಿನಲ್ಲೇ ತೀರಿಕೊಂಡದ್ದು ನಿಜ.

ನಾಲ್ಕು ಸಾವು, ಎರಡು ವರ್ಷ

ರೋಲಿಂಗ್ ಸ್ಟೋನ್ಸ್ ತಂಡ ಕಟ್ಟಿದ ಬ್ರಯಾನ್ ಜೋನ್ಸ್ 1969ರ ಜುಲೈ 3ರಂದು ತಮ್ಮ ಮನೆಯ ಈಜುಕೊಳದಲ್ಲಿ ಮೃತಪಟ್ಟರು. ಡೋರ್ಸ್ ತಂಡದ ಗಾಯಕ ಮಾರಿಸನ್ ಪ್ಯಾರಿಸ್‌ನಲ್ಲಿ ತೀರಿಕೊಂಡದ್ದು 1971ರ ಜುಲೈ 3ರಂದು. ಸರಿಯಾಗಿ ಎರಡು ವರ್ಷ. ಈ ನಡುವೆ ಹೆಂಡ್ರಿಕ್ಸ್ ಮತ್ತು ಜಾಪ್ಲಿನ್ ಹೋದರು, ಅದೂ ಬರೀ 16 ದಿನಗಳ ಅಂತರದಲ್ಲಿ. ಇವರಿಬ್ಬರನ್ನೂ ಅಮೆರಿಕದ ಮನೆಮಾತಾಗಿಸಿದ್ದು 1967ರ ಮಾಂಟೆರೇ ಸಂಗೀತೋತ್ಸವ. ಬಲಗೈಯವರ ಗಿಟಾರನ್ನು ತಿರುಗಿಸಿ ಹಿಡಿದು ಎಡಗೈಯಲ್ಲಿ ನುಡಿಸಿದ ಹೆಂಡ್ರಿಕ್ಸ್‌ಗೆ ಆಮೇಲೆ ಸಿಕ್ಕಿದ್ದು ಮೂರೇ ಚಿಲ್ಲರೆ ವರ್ಷ. ಜಾಪ್ಲಿನ್ ಅವರ ‘ಪರ್ಲ್’ ಆಲ್ಬಮ್ ಹೊರಬಂದು ಹಿಟ್ ಆಗುವಾಗ ಅವರೇ ಇರಲಿಲ್ಲ.

ಇಷ್ಟು ಕೇಳಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಆದರೆ ಇವರ ಜನ್ಮದಿನ ನೋಡಿ. ನಾಲ್ವರೂ ಹುಟ್ಟಿದ್ದು 1942ರ ಫೆಬ್ರವರಿ ಮತ್ತು 1943ರ ಡಿಸೆಂಬರ್ ನಡುವೆ. ಒಂದೇ ಓರಗೆಯವರು, ಒಂದೇ ಕಾಲಕ್ಕೆ ಹೆಸರು ಮಾಡಿದವರು, ಡ್ರಗ್ಸ್ ಮತ್ತು ಮದ್ಯ ಧಾರಾಳವಾಗಿ ಸಿಗುತ್ತಿದ್ದ ಒಂದೇ ಲೋಕದಲ್ಲಿದ್ದವರು. ಹತ್ತಿರ ಹತ್ತಿರ ಸತ್ತಾಗ ವಯಸ್ಸೂ ಹತ್ತಿರವೇ ಇರುತ್ತದೆ. ನಾಲ್ಕೂ 27ಕ್ಕೇ ಬಂದು ನಿಂತದ್ದು ಕಾಕತಾಳೀಯ. ‘27 ಕ್ಲಬ್’ ಎಂಬ ಮಾತು ಜನಪ್ರಿಯವಾದದ್ದು 1994ರಲ್ಲಿ, ನಿರ್ವಾಣ ತಂಡದ ಕೊಬೇನ್ ತೀರಿಕೊಂಡ ಮೇಲೆ.

ಅಲ್ಲಿಂದ ಮುಂದೆ ನಮ್ಮ ಮನಸ್ಸೇ ಕೆಲಸ ಮಾಡುತ್ತದೆ. 27 ಸಿಕ್ಕಿದರೆ ಎಣಿಸುತ್ತೇವೆ, ಸಿಗದಿದ್ದರೆ ಬಿಟ್ಟುಬಿಡುತ್ತೇವೆ. ವಿಮಾನ ಅಪಘಾತದಲ್ಲಿ ಹೋದ ಬಡ್ಡಿ ಹಾಲಿಗೆ 22, ಓಟಿಸ್ ರೆಡಿಂಗ್‌ಗೆ 26. ದ ಹೂ ತಂಡದ ಕೀತ್ ಮೂನ್ ಮತ್ತು ಲೆಡ್ ಜೆಪ್ಲಿನ್‌ನ ಜಾನ್ ಬಾನಮ್, ಇಬ್ಬರೂ ಡ್ರಮ್ಮರ್‌ಗಳು, ಇಬ್ಬರಿಗೂ 32. ‘32 ಕ್ಲಬ್’ ಎಂಬ ಫಾರ್ವರ್ಡ್ ಯಾಕಿಲ್ಲ? ಜೋನ್ಸ್ ಜೊತೆ ಡ್ರಮ್ ಬಾರಿಸಿದ ಚಾರ್ಲಿ ವಾಟ್ಸ್ 2003ರಲ್ಲಿ ಸ್ಟೋನ್ಸ್ ಜೊತೆ ಬೆಂಗಳೂರಿಗೂ ಬಂದು ಕಾರ್ಯಕ್ರಮ ಕೊಟ್ಟರು, 2021ರಲ್ಲಿ ತೀರಿಕೊಂಡಾಗ ಅವರಿಗೆ 80.

ಲೆಕ್ಕ ಹಾಕಿದವರಿಗೆ ಕಂಡದ್ದು

2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ಅಧ್ಯಯನ ಪ್ರಕಟಿಸಿತು. 1956ರಿಂದ 2007ರವರೆಗೆ ಬ್ರಿಟನ್‌ನಲ್ಲಿ ನಂಬರ್ 1 ಆಲ್ಬಮ್ ಕೊಟ್ಟ 1,046 ಸಂಗೀತಗಾರರನ್ನು ಸಂಶೋಧಕರು ಪರಿಶೀಲಿಸಿದರು. ಅವರಲ್ಲಿ 71 ಮಂದಿ ತೀರಿಕೊಂಡಿದ್ದರು. ಆ ವಯಸ್ಸಿನ ಪ್ರತಿ 100 ಮಂದಿಗೆ ವರ್ಷಕ್ಕೆ ಎಷ್ಟು ಸಾವು ಎಂದು ನೋಡಿದರೆ 25ರಲ್ಲಿ 0.56, 27ರಲ್ಲಿ 0.57, 32ರಲ್ಲಿ 0.54. ಹೆಚ್ಚುಕಡಿಮೆ ಒಂದೇ. ಒಂದು ಮಿತಿಯನ್ನೂ ಹೇಳಬೇಕು: ಹೆಂಡ್ರಿಕ್ಸ್, ಜಾಪ್ಲಿನ್, ಮಾರಿಸನ್‌ಗೆ ಅಲ್ಲಿ ನಂಬರ್ 1 ಆಲ್ಬಮ್ ಇರಲಿಲ್ಲ, ಹಾಗಾಗಿ ಅವರು ಈ ಲೆಕ್ಕದಲ್ಲಿಲ್ಲ. ಆದರೆ 1950ರಿಂದ 2010ರ ನಡುವೆ ತೀರಿಕೊಂಡ 11 ಸಾವಿರಕ್ಕೂ ಹೆಚ್ಚು ಸಂಗೀತಗಾರರ ವಯಸ್ಸನ್ನು ಆಸ್ಟ್ರೇಲಿಯಾದ ಸಂಶೋಧಕಿ ಡಯಾನಾ ಕೆನ್ನಿ ಎಣಿಸಿದಾಗ 27ಕ್ಕೆ ಸತ್ತವರು ಶೇ 1.3ರಷ್ಟು ಮಾತ್ರ. ಅತಿ ಹೆಚ್ಚು ಸಾವು ಕಂಡ ವಯಸ್ಸು 56, ಅದೂ ಶೇ 2.2.

ಬ್ರಿಟಿಷ್ ಅಧ್ಯಯನದ ಇನ್ನೊಂದು ಸಾಲು ಫಾರ್ವರ್ಡ್‌ಗಳಲ್ಲಿ ಬರುವುದೇ ಇಲ್ಲ. ಇಪ್ಪತ್ತು, ಮೂವತ್ತರ ಹರೆಯದ ಈ ತಾರೆಯರಿಗೆ ಸಾವಿನ ಅಪಾಯ ಅದೇ ವಯಸ್ಸಿನ ಸಾಮಾನ್ಯ ಜನರಿಗಿಂತ ಎರಡು-ಮೂರು ಪಟ್ಟು ಹೆಚ್ಚಿತ್ತು. ಅಂದರೆ ಅಪಾಯ ಇದ್ದದ್ದು ನಿಜ, ಆದರೆ ಅದು ಒಂದು ವಯಸ್ಸಿನಲ್ಲಿ ಕೂತಿರಲಿಲ್ಲ.

ಹಾಗಾದರೆ ಕೊಂದದ್ದು ಏನು?

ಹೆಂಡ್ರಿಕ್ಸ್ ನಿದ್ದೆ ಮಾತ್ರೆಯ ಅಮಲಿನಲ್ಲಿದ್ದಾಗ ವಾಂತಿ ಶ್ವಾಸಕೋಶಕ್ಕೆ ಹೋಗಿ ಉಸಿರುಗಟ್ಟಿತು. ಬಾನಮ್ ಸತ್ತದ್ದೂ ಹೀಗೇ, ವಿಪರೀತ ವೋಡ್ಕಾ ಕುಡಿದು ಮಲಗಿದಾಗ. ಎಸಿ/ಡಿಸಿ ತಂಡದ ಬಾನ್ ಸ್ಕಾಟ್ (33) ಕುಡಿದು ಕಾರಿನಲ್ಲೇ ಮಲಗಿದ್ದರು, ಬೆಳಿಗ್ಗೆ ಎಬ್ಬಿಸಲೆಂದು ಯಾರೂ ಜೊತೆಗಿರಲಿಲ್ಲ. ಜಾಪ್ಲಿನ್‌ರನ್ನು ಕೊಂದದ್ದು ಹೆರಾಯಿನ್. ವೈನ್‌ಹೌಸ್ ಕೆಲಕಾಲ ಕುಡಿತ ನಿಲ್ಲಿಸಿ ಮತ್ತೆ ಶುರು ಮಾಡಿದ್ದರು. 100 ಮಿ.ಲೀ. ರಕ್ತದಲ್ಲಿ 416 ಮಿ.ಗ್ರಾಂ ಆಲ್ಕೋಹಾಲ್ ಸಿಕ್ಕಿತು. ಇಂಗ್ಲೆಂಡಿನಲ್ಲಿ ವಾಹನ ಓಡಿಸಲು ಇರುವ ಮಿತಿ 80. ಅಷ್ಟು ಪ್ರಮಾಣದಲ್ಲಿ ಮಿದುಳಿನ ಉಸಿರಾಟದ ಕೇಂದ್ರವೇ ಸ್ತಬ್ಧವಾಗಬಹುದು. ಸ್ವಲ್ಪ ದಿನ ಬಿಟ್ಟವರ ದೇಹಕ್ಕೆ ಹಳೆಯ ತಾಳಿಕೆ ಇರುವುದಿಲ್ಲ, ಮೊದಲು ಕುಡಿಯುತ್ತಿದ್ದಷ್ಟೇ ಕುಡಿದರೂ ಅದು ಹೆಚ್ಚಾಗುತ್ತದೆ.

ಶಾಪದ ಕಥೆ ಮುಚ್ಚಿಡುವುದು ಇದನ್ನೇ. ಕುಡಿದು ಪ್ರಜ್ಞೆ ತಪ್ಪಿದವರನ್ನು ‘ಮಲಗಲಿ ಬಿಡು, ಬೆಳಿಗ್ಗೆ ಸರಿಹೋಗ್ತಾನೆ’ ಎಂದು ಅಂಗಾತ ಬಿಟ್ಟು ಹೋಗಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಜೊತೆಗೇ ಇರಿ. ಮಜ್ಜಿಗೆ, ನಿಂಬೆರಸ, ಕಾಫಿ ಬಾಯಿಗೆ ಸುರಿಯಬೇಡಿ, ಅದೂ ಶ್ವಾಸಕೋಶಕ್ಕೆ ಇಳಿಯಬಹುದು. ಕೂಗಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ 108ಕ್ಕೆ ಕರೆ ಮಾಡಿ.

ಕೊಬೇನ್‌ದು ಆತ್ಮಹತ್ಯೆ. ಅವರ ಸಾವಿನ ನಂತರ ಸಿಯಾಟಲ್‌ನಲ್ಲಿ ಆತ್ಮಹತ್ಯೆಗಳು ಹೆಚ್ಚುತ್ತವೆ ಎಂಬ ಭಯವಿತ್ತು. ಅಧ್ಯಯನ ಮಾಡಿದಾಗ ಹಾಗೆ ಆಗಿರಲಿಲ್ಲ, ಸಹಾಯವಾಣಿಗೆ ಬರುವ ಕರೆಗಳು ಮಾತ್ರ ಹೆಚ್ಚಿದ್ದವು. ಮಾಧ್ಯಮಗಳು ಸಾವನ್ನು ವೈಭವೀಕರಿಸದೆ, ಸಹಾಯ ಎಲ್ಲಿ ಸಿಗುತ್ತದೆ ಎಂದು ತಿಳಿಸಿದ್ದು ಇದಕ್ಕೊಂದು ಕಾರಣವಿರಬಹುದು ಎಂದು ಸಂಶೋಧಕರು ಹೇಳಿದರು. ನಮ್ಮಲ್ಲಿ ಸರ್ಕಾರದ ಟೆಲಿ-ಮನಸ್ ಸಹಾಯವಾಣಿ ಇದೆ: 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.