ಬಜೆಯ ಬೇರೂ ಅದರ ತೈಲಭೇದವೂ

ಸಂಸ್ಕೃತ ವೈದ್ಯಗ್ರಂಥಗಳ ‘ವಚಾ’, ನಮ್ಮ ಮನೆಗಳ ‘ಬಜೆ’, ಯೂರೋಪಿನ ಔಷಧಗ್ರಂಥಗಳ ‘ಕಲಾಮಸ್’ - ಇವೆಲ್ಲಕ್ಕೂ ಸಸ್ಯಶಾಸ್ತ್ರವು ಲಿನೇಯಸನು 1753ರಲ್ಲಿ ಇತ್ತ ‘ಅಕೋರಸ್ ಕಲಾಮಸ್’ ಎಂಬ ಒಂದೇ ಹೆಸರನ್ನು ಹೇಳುತ್ತ ಬಂದಿದೆ. ಹೆಸರು ಒಂದಾದುದರಿಂದ ದ್ರವ್ಯವೂ ಒಂದೇ ಎಂದು ಭಾವಿಸಿ, ಒಂದು ದೇಶದ ಅನುಭವವನ್ನು ಇನ್ನೊಂದು ದೇಶದ ಬೇರಿಗೆ ಅನ್ವಯಿಸುವುದು ಸುಲಭ. ಅದು ಎಷ್ಟುಮಟ್ಟಿಗೆ ಸಾಧುವೆಂಬುದನ್ನು ರಸಾಯನಶಾಸ್ತ್ರದಿಂದ ಕೇಳಿ ತಿಳಿಯಬೇಕಾಗಿದೆ.

ಜೌಗುನೆಲದಲ್ಲಿ ಬೆಳೆಯುವ ಈ ಗಿಡದಲ್ಲಿ ನಾವು ಬೇರೆಂದು ಕರೆಯುವುದು ವಾಸ್ತವವಾಗಿ ನೆಲದೊಳಗಿನ ಕಾಂಡ. ಅದರ ಸುಗಂಧತೈಲದಲ್ಲಿರುವ ಬೀಟಾ-ಆಸರೋನ್ ಎಂಬ ವಸ್ತುವಿನ ಪ್ರಮಾಣವು ಗಿಡದ ವರ್ಣತಂತುಗಳ ಸಂಖ್ಯೆಯೊಡನೆ ಬದಲಾಗುತ್ತದೆ. 24 ವರ್ಣತಂತುಗಳುಳ್ಳ ಉತ್ತರ ಅಮೆರಿಕದ ಗಿಡದಲ್ಲಿ ಅದು ಇಲ್ಲವೆಂದೇ ಹೇಳಬಹುದು; 36 ಇರುವ ಯೂರೋಪಿನ ಗಿಡದಲ್ಲಿ ಸ್ವಲ್ಪ; ಭಾರತದಲ್ಲಿಯೂ ಪೂರ್ವ ಏಷ್ಯದಲ್ಲಿಯೂ ದೊರೆಯುವ 48 ವರ್ಣತಂತುಗಳ ಗಿಡದಲ್ಲಿ ತೈಲದ ಬಹುಭಾಗವೇ ಅದಾಗಿದ್ದು, ಶೇಕಡ 70ನ್ನು ಮೀರುವುದುಂಟು. ಮಣ್ಣು, ಋತುಗಳೂ ತೈಲವನ್ನು ಮಾರ್ಪಡಿಸುತ್ತವೆ. ಆದರೆ ಇಷ್ಟು ದೊಡ್ಡ ಅಂತರಕ್ಕೆ ಅವು ಕಾರಣವಲ್ಲ.

ಯೂರೋಪಿನ ಗಿಡದ ವೃತ್ತಾಂತವು ಚರಿತ್ರಕಾರನಿಗೆ ವಿಶೇಷ ಸ್ವಾರಸ್ಯವುಳ್ಳದ್ದು. ಮುಮ್ಮಡಿ ವರ್ಣತಂತುಗಳ ಈ ಗಿಡ ಬೀಜ ಕಟ್ಟಲಾರದು. 16ನೆಯ ಶತಮಾನದಲ್ಲಿ ಏಷ್ಯಾ ಮೈನರಿನ ಕಡೆಯಿಂದ ತಂದ ಬೇರನ್ನು ವಿಯೆನ್ನಾದಲ್ಲಿ ಕ್ಲೂಸಿಯಸನು ಬೆಳೆಸಿದನು; ಬಳಿಕ ಅದು ಬೇರಿನ ತುಂಡುಗಳಿಂದಲೇ ಕೊಳದಿಂದ ಕೊಳಕ್ಕೆ ಹಬ್ಬಿತು. ಅಲ್ಲಿನ ತೈಲದ ಗುಣವನ್ನು ನಿರ್ಣಯಿಸಿದುದರಲ್ಲಿ ಹವೆಗಿಂತ ಮನುಷ್ಯನ ಕೈಯೇ ಹೆಚ್ಚಿನದು. (ಗ್ರೀಕರ ‘ಅಕೊರಾನ್’ ಈ ಗಿಡವೇ ಅಲ್ಲ, ಹಳದಿ ಐರಿಸ್ ಹೂವಿನ ಗಿಡವೆಂದು ಹಲವು ವಿದ್ವಾಂಸರು ಎಣಿಸುತ್ತಾರೆ. ಹೆಸರುಗಳನ್ನು ನಂಬುವುದು ಅಷ್ಟು ಕಷ್ಟ!)

1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳು ಜಮ್ಮುವಿನ ಬಜೆಯ ತೈಲವನ್ನು ಆಹಾರದಲ್ಲಿ ಬೆರೆಸಿ ಇಲಿಗಳಿಗೆ ಕೊಡಲಾಗಿ, ಅವುಗಳ ಕರುಳಿನಲ್ಲಿ ಗಡ್ಡೆಗಳು ಕಾಣಿಸಿಕೊಂಡವು. 1968ರಲ್ಲಿ ಅಲ್ಲಿನ ಸರ್ಕಾರವು ಆಹಾರದಲ್ಲಿ ಕಲಾಮಸ್ಸಿನ ಬೇರನ್ನೂ ತೈಲವನ್ನೂ ನಿಷೇಧಿಸಿತು. ಆಜ್ಞೆ ಹೊರಟುದು ಹೆಸರಿನ ಮೇಲೆ. ಆ ಖಂಡದ ಕ್ರೀ ಮೊದಲಾದ ಜನಾಂಗಗಳು ಬಳಸುತ್ತಿದ್ದ, ಬೀಟಾ-ಆಸರೋನ್ ಇಲ್ಲದ ಗಿಡವನ್ನು ಈಗ ಬೇರೆಯೇ ಜಾತಿಯೆಂದು ಎಣಿಸುವವರಿದ್ದಾರೆ.

ನಮ್ಮಲ್ಲಿ ಇದೇ ಪ್ರಮಾದವು ತಿರುಗುಮುರುಗಾಗಿ ಸಂಭವಿಸಬಹುದು. ಅಮೆರಿಕದ ಅಥವಾ ಯೂರೋಪಿನ ಬೇರು ನಿರಪಾಯಕರವೆಂದು ಕಂಡರೆ, ಆ ಮಾತು ಇಲ್ಲಿನ ಬಜೆಗೆ ಸಲ್ಲದು. ತೇದು ಕೊಡುವ ಬೇರಿನ ಅಳತೆಯೂ ಇಲಿಗಳು ತಿಂದ ತೈಲದ ಅಳತೆಯೂ ಒಂದಲ್ಲವೆಂಬ ಆಕ್ಷೇಪ ನ್ಯಾಯವಾದುದೇ. ಅದರಿಂದ ಸಂಶಯ ಕಡಮೆಯಾಗುವುದೇ ಹೊರತು ತೊಲಗುವುದಿಲ್ಲ. ಶತಮಾನಗಳ ಬಳಕೆಯೇ ಸಾಕ್ಷಿಯಲ್ಲವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಬಳಕೆ ಇದ್ದಿತೆಂಬುದಕ್ಕೆ ಅದು ಸಾಕ್ಷಿ. ಮದ್ದು ಕೊಟ್ಟ ದಿನವೇ ಆಗುವ ವಾಂತಿಯನ್ನು ಅಜ್ಜಿಯರು ಗುರುತಿಸಬಲ್ಲರು. ಶೈಶವದಲ್ಲಿ ನೆಕ್ಕಿಸಿದ ಬಜೆಗೂ ಐವತ್ತನೆಯ ವಯಸ್ಸಿನ ಗಡ್ಡೆಗೂ ಸಂಬಂಧವುಂಟೋ ಇಲ್ಲವೋ ಎಂದು ಅಳೆಯುವ ಸಾಧನ ಯಾವ ಮನೆಯಲ್ಲಿಯೂ ಇರಲಿಲ್ಲ.