ಹಳೆಯ ಕಾರಿನಲ್ಲಿ ಗಾಳಿಯ ಕಾವಲು

ಕಾರಿನ ಕೀಲಿಯನ್ನು ತಿರುಗಿಸಿದೊಡನೆ ಚಾಲಕನ ಮುಂದಿರುವ ಫಲಕದಲ್ಲಿ ಹಲವು ದೀಪಗಳು ಒಮ್ಮೆಗೇ ಹೊತ್ತಿಕೊಂಡು, ಕೆಲವೇ ಕ್ಷಣಗಳಲ್ಲಿ ಆರಿಹೋಗುತ್ತವೆ. ಅವುಗಳ ನಡುವೆ ಕುದುರೆಲಾಳದಂತಹ ಆಕಾರದೊಳಗೆ ಆಶ್ಚರ್ಯಸೂಚಕ ಚಿಹ್ನೆಯುಳ್ಳ ಹಳದಿ ದೀಪವೊಂದಿರುತ್ತದೆ. ಟಯರಿನ ಗಾಳಿ ಇಳಿದಿದೆಯೆಂದು ತಿಳಿಸುವುದು ಅದರ ಕೆಲಸ. ಹೊಸ ಕಾರಿನಲ್ಲಿ ಈ ದೀಪ ಹೊತ್ತಿದರೆ ಅದರ ಅರ್ಥ ಬಹುಮಟ್ಟಿಗೆ ಸ್ಪಷ್ಟ. ಹತ್ತು ಹದಿನೈದು ವರ್ಷ ಓಡಿದ ಕಾರಿನಲ್ಲಿ ಮಾತ್ರ ಅನುಮಾನ ಹುಟ್ಟುತ್ತದೆ: ಸೋತಿರುವುದು ಟಯರೋ, ಟಯರನ್ನು ಕಾಯಬೇಕಾದ ಯಂತ್ರವೋ? ಈ ಅನುಮಾನದಿಂದ ಬೇಸತ್ತ ಮಾಲೀಕರು ದೀಪವನ್ನು ಕಡೆಗಣಿಸುವುದನ್ನು ರೂಢಿ ಮಾಡಿಕೊಳ್ಳುತ್ತಾರೆ; ಕೆಲವರು ಅದರ ಮೇಲೆ ಕಪ್ಪು ಟೇಪನ್ನು ಅಂಟಿಸಿಬಿಡುತ್ತಾರೆ. ಅಪಾಯ ಆರಂಭವಾಗುವುದು ಅಲ್ಲಿಂದಲೇ.

ಈ ದೀಪ ಕಾರುಗಳಲ್ಲಿ ಕಡ್ಡಾಯವಾದುದರ ಹಿಂದೆ ಸಾವುನೋವಿನ ಕಥೆಯಿದೆ. ಅಮೆರಿಕದಲ್ಲಿ 1990ರ ದಶಕದ ಕೊನೆಯಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಿಗೆ ಅಳವಡಿಸಿದ್ದ ಫೈರ್‌ಸ್ಟೋನ್ ಟಯರುಗಳ ಮೇಲ್ಪದರ ವೇಗದ ಓಟದಲ್ಲಿ ಕಿತ್ತುಬಂದು ವಾಹನಗಳು ಮಗುಚಿಬಿದ್ದವು. ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2000ದ ಆಗಸ್ಟ್‌ನಲ್ಲಿ ಸುಮಾರು 65 ಲಕ್ಷ ಟಯರುಗಳನ್ನು ಹಿಂದಕ್ಕೆ ಕರೆಯಲಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಅಂಗೀಕಾರಗೊಂಡ ಕಾಯಿದೆಯು ಟಯರಿನ ಒತ್ತಡ ಇಳಿದರೆ ಚಾಲಕನನ್ನು ಎಚ್ಚರಿಸುವ ವ್ಯವಸ್ಥೆ ಇರಲೇಬೇಕೆಂದು ವಿಧಿಸಿತು. 2007ರ ಸೆಪ್ಟೆಂಬರ್‌ನಿಂದ ಅಲ್ಲಿ ತಯಾರಾಗುವ ಎಲ್ಲ ಲಘು ವಾಹನಗಳಿಗೂ ಅದು ಕಡ್ಡಾಯವಾಯಿತು. ಐರೋಪ್ಯ ಒಕ್ಕೂಟದಲ್ಲಿ 2014ರ ನವೆಂಬರ್‌ನಿಂದ ಮಾರಾಟವಾಗುವ ಪ್ರತಿ ಹೊಸ ಕಾರಿಗೂ ಇದೇ ನಿಯಮ ಅನ್ವಯವಾಯಿತು. ಆ ಮೊದಲ ತಲೆಮಾರಿನ ಕಾರುಗಳಿಗೆ ಈಗ ಮುಪ್ಪು ಆವರಿಸಿದೆ.

ಗಾಳಿ ಕಡಿಮೆಯಾದ ಟಯರು ನೆಲಕ್ಕೆ ತಾಗುವಲ್ಲಿ ಹೆಚ್ಚು ಬಾಗುತ್ತದೆ. ಪ್ರತಿ ಸುತ್ತಿಗೂ ಅದರ ಪಕ್ಕಗಳು ಮಡಚಿ ಬಿಚ್ಚುತ್ತವೆ. ಆ ಮಡಚುವಿಕೆಯಿಂದ ಶಾಖ ಹುಟ್ಟುತ್ತದೆ. ಶಾಖವು ರಬ್ಬರಿನ ಪದರಗಳ ಬೆಸುಗೆಯನ್ನು ಸಡಿಲಿಸುತ್ತದೆ. ಹೆದ್ದಾರಿಯಲ್ಲಿ, ಬೇಸಿಗೆಯ ನಡುಹಗಲಿನಲ್ಲಿ, ತುಂಬಿದ ಕಾರಿನಲ್ಲಿ ಟಯರು ಸಿಡಿಯುವುದಕ್ಕೆ ಇದು ಒಂದು ಮುಖ್ಯ ಕಾರಣ.

ಒತ್ತಡವನ್ನು ಕಾಯುವ ವ್ಯವಸ್ಥೆಗಳಲ್ಲಿ ಎರಡು ಬಗೆ. ನೇರ ಬಗೆಯದರಲ್ಲಿ ಪ್ರತಿ ಚಕ್ರದ ಒಳಗೂ, ವಾಲ್ವಿನ ಬುಡದಲ್ಲಿ, ಸೆನ್ಸರ್ ಎಂದು ಕರೆಯಲಾಗುವ ಪುಟ್ಟ ಸಂವೇದಕವಿರುತ್ತದೆ. ಅದು ಒತ್ತಡವನ್ನು ಅಳೆದು, ತನ್ನ ಗುರುತಿನ ಸಂಖ್ಯೆಯೊಡನೆ ರೇಡಿಯೊ ಅಲೆಗಳ ಮೂಲಕ ಕಾರಿಗೆ ತಿಳಿಸುತ್ತದೆ. ಪರೋಕ್ಷ ಬಗೆಯದರಲ್ಲಿ ಚಕ್ರದೊಳಗೆ ಏನೂ ಇರುವುದಿಲ್ಲ. ಗಾಳಿ ಇಳಿದ ಚಕ್ರದ ತ್ರಿಜ್ಯ ತುಸು ಕುಗ್ಗುವುದರಿಂದ ಅದು ಉಳಿದವುಗಳಿಗಿಂತ ತುಸು ವೇಗವಾಗಿ ತಿರುಗುತ್ತದೆ. ಬ್ರೇಕಿನ ಎಬಿಎಸ್ ವ್ಯವಸ್ಥೆಗೆಂದೇ ಇರುವ ವೇಗಮಾಪಕಗಳು ಆ ವ್ಯತ್ಯಾಸವನ್ನು ಗುರುತಿಸುತ್ತವೆ. ನಾಲ್ಕೂ ಟಯರುಗಳು ತಿಂಗಳುಗಟ್ಟಲೆ ಗಾಳಿ ಹಾಕಿಸದೆ ಒಂದೇ ಸಮನೆ ಸೊರಗಿದರೆ, ಈ ಬಗೆಯ ಹಳೆಯ ವ್ಯವಸ್ಥೆಗಳಿಗೆ ಹೋಲಿಸಲು ಸರಿಯಾದ ಚಕ್ರವೇ ಉಳಿದಿರುವುದಿಲ್ಲ. ಅವು ಮೌನವಾಗಿರುತ್ತವೆ.

ನೇರ ಬಗೆಯ ಸಂವೇದಕಕ್ಕೆ ಆಯುಷ್ಯವನ್ನು ನಿಗದಿಗೊಳಿಸುವುದು ಅದರೊಳಗಿನ ಲಿಥಿಯಂ ಬ್ಯಾಟರಿ. ಅದನ್ನು ರಾಳದಲ್ಲಿ ಹುದುಗಿಸಿ ಮುಚ್ಚಿರುತ್ತಾರೆ, ತೆಗೆದು ಬದಲಿಸಲಾಗದು. ಐದರಿಂದ ಹತ್ತು ವರ್ಷಗಳಲ್ಲಿ ಅದು ಬರಿದಾಗುತ್ತದೆ. ನಾಲ್ಕೂ ಸಂವೇದಕಗಳು ಒಂದೇ ಕಾಲದಲ್ಲಿ ತಯಾರಾದವುಗಳಾದ್ದರಿಂದ ಒಂದು ಸತ್ತ ಮೇಲೆ ಉಳಿದವೂ ಹೆಚ್ಚು ದಿನ ಬಾಳುವುದಿಲ್ಲ. ವಾಲ್ವಿನ ಕಾಂಡ ಅಲ್ಯೂಮಿನಿಯಂನದಾಗಿದ್ದು ಒಳಗಿನ ಪಿನ್ ಹಿತ್ತಾಳೆಯದಾಗಿದ್ದರೆ, ತೇವ ಸೇರಿದಾಗ ಎರಡು ಲೋಹಗಳ ನಡುವೆ ಸವೆತ ಉಂಟಾಗಿ ಪಿನ್ ಕಚ್ಚಿಕೊಳ್ಳುತ್ತದೆ. ಕಾಸರಗೋಡಿನಂತಹ ಕಡಲತೀರದ ಉಪ್ಪುಗಾಳಿ ಈ ಸವೆತವನ್ನು ಚುರುಕುಗೊಳಿಸುತ್ತದೆ. ಇಂತಹ ವಾಲ್ವುಗಳಿಗೆ ನಿಕ್ಕಲ್ ಲೇಪಿತ ಪಿನ್ನನ್ನೂ ಪ್ಲಾಸ್ಟಿಕ್ ಮುಚ್ಚಳವನ್ನೂ ಬಳಸಬೇಕೆನ್ನುವುದು ಈ ಕಾರಣಕ್ಕೆ.

ಹೀಗಿರುವಾಗ ದೀಪದ ಭಾಷೆಯನ್ನು ಸರಿಯಾಗಿ ಓದುವುದು ಮೊದಲ ಕೆಲಸ. ಅಮೆರಿಕದ ನಿಯಮದಂತೆ ರೂಪುಗೊಂಡ ಕಾರುಗಳಲ್ಲಿ, ಹೊತ್ತಿ ಸ್ಥಿರವಾಗಿ ನಿಂತ ದೀಪ ಗಾಳಿ ಕಡಿಮೆಯಿದೆ ಎನ್ನುತ್ತದೆ. ಕೀಲಿ ತಿರುಗಿಸಿದ ಬಳಿಕ ಒಂದರಿಂದ ಒಂದೂವರೆ ನಿಮಿಷ ಮಿನುಗಿ, ಅನಂತರ ಸ್ಥಿರವಾಗುವ ದೀಪ ವ್ಯವಸ್ಥೆಯೇ ಕೆಟ್ಟಿದೆ ಎನ್ನುತ್ತದೆ. ಆ ಮೊದಲ ನಿಮಿಷವನ್ನು ಗಮನಿಸದವನಿಗೆ ಎರಡೂ ಒಂದೇ ಆಗಿ ಕಾಣುತ್ತವೆ. ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ: ಕೆಟ್ಟ ಸಂವೇದಕದಿಂದಾಗಿ ಸದಾ ಹೊತ್ತಿರುವ ದೀಪ, ನಾಳೆ ಟಯರಿಗೆ ನಿಜವಾಗಿ ಮೊಳೆ ಚುಚ್ಚಿದಾಗ ಹೊಸದಾಗಿ ಹೊತ್ತಲಾರದು. ನಿತ್ಯ ಉರಿಯುವ ಎಚ್ಚರಿಕೆ ಎಚ್ಚರಿಕೆಯಾಗಿ ಉಳಿಯುವುದಿಲ್ಲ.

ದೀಪ ಹೊತ್ತುವ ಮಿತಿಯನ್ನೂ ತಿಳಿದಿರಬೇಕು. ಅಮೆರಿಕದ ನಿಯಮದಲ್ಲಿ ಅದು ತಯಾರಕರು ಸೂಚಿಸಿದ ಒತ್ತಡಕ್ಕಿಂತ ಶೇಕಡ 25ರಷ್ಟು ಕೆಳಗೆ. ಚದರ ಅಂಗುಲಕ್ಕೆ 32 ಪೌಂಡ್, ಅಂದರೆ 32 ಪಿಎಸ್‌ಐ ಇರಬೇಕಾದ ಟಯರು 24ಕ್ಕೆ ಇಳಿಯುವವರೆಗೂ ದೀಪ ಸುಮ್ಮನಿರಬಹುದು. ದೀಪ ಆರಿದೆಯೆಂದ ಮಾತ್ರಕ್ಕೆ ಗಾಳಿ ಸರಿಯಿದೆಯೆಂದು ಅರ್ಥವಲ್ಲ.

ಹವೆಯ ಪಾತ್ರವೂ ಇಲ್ಲಿದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಕಾರಿನ ಟಯರಿನ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಚಳಿಗಾಲದ ಮುಂಜಾನೆ ಹೊತ್ತಿದ ದೀಪ, ಕಾರು ಸ್ವಲ್ಪ ದೂರ ಓಡಿ ಟಯರು ಬಿಸಿಯಾದ ಮೇಲೆ ತಾನೇ ಆರುವುದುಂಟು. ಅದು ಸುಳ್ಳು ಎಚ್ಚರಿಕೆಯಲ್ಲ. ಗಾಳಿ ಅಂಚಿನಲ್ಲಿದೆ ಎಂಬುದಕ್ಕೆ ಸಾಕ್ಷಿ. ಬೆಟ್ಟ ಹತ್ತುವಾಗ ಲೆಕ್ಕ ಮತ್ತಷ್ಟು ತೊಡಕಾಗುತ್ತದೆ. ಸಮುದ್ರಮಟ್ಟದ ಊರಿನಿಂದ 2,240 ಮೀಟರ್ ಎತ್ತರದ ಉದಕಮಂಡಲಕ್ಕೆ ಹೋದ ಕಾರಿನಲ್ಲಿ ಚಳಿಯು ಒತ್ತಡವನ್ನು ಇಳಿಸುತ್ತದೆ. ಹೊರಗಿನ ವಾಯುಭಾರ ಕಡಿಮೆಯಾಗುವುದರಿಂದ ಕೈಮಾಪಕದ ಅಂಕಿ ಏರುತ್ತದೆ. ಎರಡೂ ಸುಮಾರು ಮೂರು ಪಿಎಸ್‌ಐನಷ್ಟಾಗಿ ಒಂದನ್ನೊಂದು ಸರಿದೂಗಿಸಬಲ್ಲವು. ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸಂವೇದಕ ಮಾತ್ರ ಚಳಿಯ ಇಳಿಕೆಯನ್ನಷ್ಟೇ ತೋರಿಸುತ್ತದೆ. ಮಾಪಕವೂ ಫಲಕವೂ ಬೇರೆ ಬೇರೆ ಅಂಕಿ ಹೇಳಿದಾಗ ಒಂದು ಕೆಟ್ಟಿದೆಯೆಂದು ಕೂಡಲೇ ತೀರ್ಮಾನಿಸಬೇಕಾಗಿಲ್ಲ.

ಸಂವೇದಕ ಸತ್ತಿದೆಯೆಂದು ಖಚಿತವಾದರೆ ದಾರಿಗಳು ಹಲವು. ಟಯರು ಬದಲಿಸುವ ಸಮಯದಲ್ಲಿ ನಾಲ್ಕನ್ನೂ ಒಟ್ಟಿಗೆ ಹಾಕಿಸುವುದು ಮಿತವ್ಯಯದ ದಾರಿ. ಟಯರನ್ನು ರಿಮ್ಮಿನಿಂದ ಬಿಡಿಸುವ ಕೂಲಿ ಒಮ್ಮೆ ಕೊಟ್ಟರೆ ಸಾಕು. ಹೊಸ ಸಂವೇದಕಗಳ ಗುರುತಿನ ಸಂಖ್ಯೆಯನ್ನು ಕಾರಿಗೆ ಪರಿಚಯಿಸಬೇಕು. ಕೆಲವು ಕಾರುಗಳು ಓಡುತ್ತಲೇ ಕಲಿಯುತ್ತವೆ, ಕೆಲವಕ್ಕೆ ಗ್ಯಾರೇಜಿನ ಉಪಕರಣ ಬೇಕು. ಅಷ್ಟು ವೆಚ್ಚ ಬೇಡವೆನ್ನುವವರಿಗೆ ವಾಲ್ವಿನ ಮುಚ್ಚಳದ ಜಾಗದಲ್ಲಿ ತಿರುಪುವ ಹೊರಸಂವೇದಕಗಳು ಸಿಗುತ್ತವೆ. ಅವುಗಳ ಬ್ಯಾಟರಿಯನ್ನು ಬದಲಿಸಬಹುದು. ಆದರೆ ಕಳವಿನ ಭಯವುಂಟು, ಗಾಳಿ ಹಾಕಿಸುವಾಗಲೆಲ್ಲ ಕಳಚಬೇಕು, ಹಳೆಯ ರಬ್ಬರ್ ವಾಲ್ವಿನ ಮೇಲೆ ಅವುಗಳ ಭಾರವೂ ಬೀಳುತ್ತದೆ. ಯಾವ ದಾರಿಯಾದರೂ ಪಂಕ್ಚರ್ ಅಂಗಡಿಯಲ್ಲಿ ಚಕ್ರದೊಳಗೆ ಸಂವೇದಕವಿದೆಯೆಂದು ಮೊದಲೇ ಹೇಳಬೇಕು. ಹೇಳದಿದ್ದರೆ ಟಯರನ್ನು ಮೀಟುವ ಕಬ್ಬಿಣದ ಪಟ್ಟಿ ಅದನ್ನು ಮುರಿಯಬಹುದು. ಒಳಗೆ ಸುರಿದ ಪಂಕ್ಚರ್ ದ್ರಾವಣ ಅದರ ಕಿಂಡಿಯನ್ನು ಕಟ್ಟಬಹುದು.

ಪರೋಕ್ಷ ಬಗೆಯ ಕಾರಿನವರು ಮಾಡುವ ತಪ್ಪು ಬೇರೆಯದು. ದೀಪ ಹೊತ್ತಿದೊಡನೆ ಗಾಳಿ ನೋಡದೆ ರೀಸೆಟ್ ಗುಂಡಿಯನ್ನು ಒತ್ತಿದರೆ ದೀಪವೇನೋ ಆರುತ್ತದೆ. ಆದರೆ ಕಾರು ಆ ಕಡಿಮೆ ಒತ್ತಡವನ್ನೇ ಸರಿಯಾದುದೆಂದು ಕಲಿತುಬಿಡುತ್ತದೆ. ಗಾಳಿ ತುಂಬಿಸುವುದು ಮೊದಲು, ಗುಂಡಿ ಒತ್ತುವುದು ಆಮೇಲೆ.

ಭಾರತದಲ್ಲಿ ಈ ವಿಷಯಕ್ಕೆ ಇನ್ನೊಂದು ಮಗ್ಗುಲಿದೆ. 2020ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, 3.5 ಟನ್ನಿನೊಳಗಿನ ಪ್ರಯಾಣಿಕ ಕಾರಿನಲ್ಲಿ ಟ್ಯೂಬ್‌ಲೆಸ್ ಟಯರು, ದುರಸ್ತಿ ಸಲಕರಣೆ ಹಾಗೂ ಒತ್ತಡ ಕಾಯುವ ವ್ಯವಸ್ಥೆ ಇದ್ದರೆ ಸ್ಟೆಪ್ನಿ ಇರಬೇಕಾಗಿಲ್ಲ. ಅಂತಹ ಕಾರಿನಲ್ಲಿ ದೀಪವು ಸ್ಟೆಪ್ನಿಯ ಹೊಣೆಯಲ್ಲಿ ಒಂದು ಪಾಲನ್ನು ಹೊತ್ತಿರುತ್ತದೆ. ಕಾರು ಎರಡನೆಯ, ಮೂರನೆಯ ಕೈಗೆ ಬರುವ ಹೊತ್ತಿಗೆ ಸಂವೇದಕಗಳು ಸತ್ತಿದ್ದರೆ, ಕೊಂಡವನಿಗೆ ಕಾವಲೂ ಇಲ್ಲ, ಬದಲಿ ಚಕ್ರವೂ ಇಲ್ಲ. ಹಳೆಯ ಕಾರನ್ನು ಕೊಳ್ಳುವವರು ಕೀಲಿ ತಿರುಗಿಸಿದಾಗ ಈ ಹಳದಿ ದೀಪ ಹೊತ್ತಿ ಆರುವುದೇ ಎಂದು ನೋಡಬೇಕು. ಇರಬೇಕಾದ ದೀಪ ಹೊತ್ತದೆಯೇ ಇದ್ದರೆ, ಯಾರೋ ಅದರ ಬಾಯಿ ಕಟ್ಟಿರುವ ಸಾಧ್ಯತೆಯುಂಟು.

ಇಷ್ಟೆಲ್ಲದರ ನಡುವೆ ಮುಪ್ಪಾಗದ ಸಾಧನವೆಂದರೆ ಕೈಯಲ್ಲಿ ಹಿಡಿಯುವ ಸಾಮಾನ್ಯ ಗಾಳಿಮಾಪಕ. ತಿಂಗಳಿಗೊಮ್ಮೆ ಮತ್ತು ದೂರಪ್ರಯಾಣಕ್ಕೆ ಮುನ್ನ, ಕಾರು ಕನಿಷ್ಠ ಮೂರು ಗಂಟೆ ನಿಂತು ಟಯರು ತಣ್ಣಗಿರುವಾಗ ಒತ್ತಡವನ್ನು ಅಳೆಯಬೇಕು. ಅನುಸರಿಸಬೇಕಾದ ಅಂಕಿ ಹೆಚ್ಚಿನ ಕಾರುಗಳಲ್ಲಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವುದು ಗರಿಷ್ಠ ಮಿತಿ ಮಾತ್ರ. ಅದೇ ಪಕ್ಕದಲ್ಲಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರ. ಟಯರಿನ ವಯಸ್ಸನ್ನು ಯಾವ ಹಳದಿ ದೀಪವೂ ತಿಳಿಸುವುದಿಲ್ಲ. ಹಳೆಯ ಕಾರಿನಲ್ಲಿ ದೀಪವನ್ನು ನಂಬಬೇಕು, ಆದರೆ ಬಾಗಿ ನೋಡುವ ಕಣ್ಣನ್ನೂ ಅಳೆಯುವ ಕೈಯನ್ನೂ ಬಿಡಬಾರದು.