ಹಗ್ಗ ಬಿಟ್ಟರೆ ಬೀಳುವವರು

“ಒಂದೇ ನೋವಿನ ಮಾತ್ರೆಗೆ ನಾಲ್ಕು ಡಾಕ್ಟರ ಹತ್ತಿರ ಚೀಟಿ ಬರೆಸಿಕೊಳ್ಳುವವರು ಮೋಸಗಾರರಲ್ಲವೇ?” ಎಂದು ಓದುಗರೊಬ್ಬರು ಕೇಳಿದ್ದಾರೆ. ಅಮೆರಿಕದಲ್ಲಿ ಇದಕ್ಕೆ ‘ಡಾಕ್ಟರ್ ಶಾಪಿಂಗ್’ ಎಂದೇ ಹೆಸರು. ಹಾಗೆ ಪಡೆದ ಮಾತ್ರೆಯನ್ನು ಮಾರುವವರೂ ಇದ್ದಾರೆ. ಆದರೆ ಅನೇಕರನ್ನು ಎರಡನೆಯ ಡಾಕ್ಟರ ಬಾಗಿಲಿಗೆ ತಳ್ಳುವುದು ಅವರ ನರಕೋಶಗಳೇ.

ಹಗ್ಗಜಗ್ಗಾಟ ನೆನೆಸಿಕೊಳ್ಳಿ. ಇಂಥ ನೋವಿನ ಮಾತ್ರೆಗಳಲ್ಲಿರುವ ಮಾರ್ಫಿನ್ ಬಳಗದ ಓಪಿಯಾಯ್ಡ್ ಔಷಧಗಳು ನರಕೋಶದೊಳಗಿನ ಅಡೆನೈಲೇಟ್ ಸೈಕ್ಲೇಸ್ ಎಂಬ ಕಿಣ್ವವನ್ನು ತಗ್ಗಿಸುತ್ತವೆ. ಕೋಶ ಸುಮ್ಮನಿರುವುದಿಲ್ಲ. ಕಾಲೂರಿ ಎದುರು ಎಳೆಯತೊಡಗುತ್ತದೆ, ಕಿಣ್ವದ ಚಟುವಟಿಕೆಯನ್ನು ಹೆಚ್ಚಿಸುತ್ತದೆ. ಹಗ್ಗ ಮತ್ತೆ ನಡುಗೆರೆಗೆ ಬರುತ್ತದೆ. ಆಗ ಹಿಂದೆ ಸಾಕಾಗುತ್ತಿದ್ದ ಒಂದು ಮಾತ್ರೆ ಈಗ ಸಾಲದು. ಔಷಧ ಥಟ್ಟನೆ ನಿಂತರೆ? ಒಂದು ಕಡೆಯವರು ಹಗ್ಗ ಬಿಟ್ಟಂತೆ. ಇನ್ನೊಂದು ಕಡೆಯವರು ಹಿಂದಕ್ಕೆ ಬೀಳುತ್ತಾರೆ. ಬೆವರು, ಭೇದಿ, ಎದೆಬಡಿತ, ನಿದ್ದೆಗೇಡು, ಮೈಕೈ ನೋವು. ಹಳೆಯ ನೋವೇ ಮರಳಿತೆಂದು ರೋಗಿ ಮತ್ತೊಬ್ಬ ಡಾಕ್ಟರನ್ನು ಹುಡುಕುತ್ತಾನೆ.

ಈ ಎಳೆದಾಟವನ್ನು 1975ರಲ್ಲಿ ತೋರಿಸಿದವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಎಸ್. ಕೆ. ಶರ್ಮಾ, ವರ್ನರ್ ಕ್ಲೀ ಮತ್ತು ಮಾರ್ಷಲ್ ನೀರೆನ್‌ಬರ್ಗ್. ಆನುವಂಶಿಕ ಸಂಕೇತ ಬಿಡಿಸಿದ್ದಕ್ಕೆ 1968ರಲ್ಲೇ ನೊಬೆಲ್ ಪಡೆದಿದ್ದವರು ನೀರೆನ್‌ಬರ್ಗ್. ಈ ಮೂವರ ಪ್ರಯೋಗದಲ್ಲಿ ರೋಗಿಯೇ ಇರಲಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಷ್ಟೇ ಇದ್ದವು. ಮಾರ್ಫಿನ್‌ಗೆ ಒಗ್ಗಿದ ಆ ಕೋಶಗಳಲ್ಲಿ, ಮಾರ್ಫಿನ್ ತೆಗೆದೊಡನೆ ಕಿಣ್ವದ ಚಟುವಟಿಕೆ ಮೊದಲಿನ ಮಟ್ಟವನ್ನೂ ಮೀರಿತು. ಆಸೆ, ಸುಳ್ಳು, ಶೀಲ ಯಾವುದೂ ಇಲ್ಲದ ಕೋಶಕ್ಕೂ ಅವಲಂಬನೆ ಬರುತ್ತದೆ. ನನ್ನ ಮಟ್ಟಿಗೆ ಓದುಗರ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರವಿಲ್ಲ.

1996ರಲ್ಲಿ ಆಕ್ಸಿಕಾಂಟಿನ್ ಎಂಬ ಓಪಿಯಾಯ್ಡ್ ಮಾತ್ರೆ ಮಾರುಕಟ್ಟೆಗೆ ಬಂದ ಮೇಲೆ ಅಮೆರಿಕದಲ್ಲಿ ಇಂಥ ಮಾತ್ರೆಗಳ ಹೊಳೆಯೇ ಹರಿಯಿತು. ರಾಜ್ಯಗಳು ಚೀಟಿಗಳ ಗಣಕ ದಾಖಲೆ ಇಡತೊಡಗಿದವು. ಬರೆಯುವ ಮುನ್ನ ಡಾಕ್ಟರು ಅದನ್ನು ನೋಡಲೇಬೇಕೆಂದು ಕೆಂಟಕಿ 2012ರಲ್ಲಿ ಕಾನೂನು ಮಾಡಿತು. ಒಳ್ಳೆಯ ಹೆಜ್ಜೆಯೇ. ಆದರೆ ದಾಖಲೆಯಲ್ಲಿ ನಾಲ್ಕು ಡಾಕ್ಟರ ಹೆಸರು ಕಂಡೊಡನೆ ರೋಗಿಯನ್ನು ಹೊರಗೆ ಕಳಿಸುವುದೆಂದರೆ ಹಗ್ಗ ಬಿಟ್ಟಂತೆಯೇ. ಥಟ್ಟನೆ ನಿಲ್ಲಿಸಿದರೆ ತೀವ್ರ ನರಳಿಕೆ, ಆತ್ಮಹತ್ಯೆಯ ಅಪಾಯವೂ ಇದೆಯೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಎಚ್ಚರಿಸಿತು.

ನಮ್ಮಲ್ಲಿ, ಕೆಲವು ಓಪಿಯಾಯ್ಡ್‌ಗಳೂ ಸೇರಿರುವ ಎಚ್1 ಪಟ್ಟಿಯ ಔಷಧಗಳಿಗೆ ಮೆಡಿಕಲ್ ಶಾಪಿನವರು ರೋಗಿ, ಡಾಕ್ಟರು ಇಬ್ಬರ ಹೆಸರನ್ನೂ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಆ ಸಾಲುಗಳಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಕಂಡರೆ, ಆ ರೋಗಿಯನ್ನು ಕೂರಿಸಿ ಮಾತಾಡಿಸಬೇಕು. ಡಾಕ್ಟರ ಕಣ್ಗಾವಲಿನಲ್ಲಿ ಹಗ್ಗವನ್ನು ಗೇಣುಗೇಣಾಗಿ ಸಡಿಲಿಸಬೇಕು.